ಗಾಲ್ಫ್ ಕ್ಲಬ್‌ಗೆ ಹೊಸ ಶಾಫ್ಟ್ ಬೇಕೇ? ಕಲಬುರಗಿ, ಬೀದರ್, ಯಾದಗಿರಿ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಭಾಗದಲ್ಲಿ ಗಾಲ್ಫ್ ಹಿಡಿದವರ ಅಭ್ಯಾಸ ಹೆಚ್ಚಾಗಿ ಮಾಳಿಗೆ ಮೇಲೆ ಕಟ್ಟಿದ ಬಲೆಯಲ್ಲಿ ನಡೆಯುತ್ತದೆ, ಆಟ ಹೈದರಾಬಾದ್ ಇಲ್ಲವೇ ಬೆಂಗಳೂರಿನಲ್ಲಿ. ಶಾಫ್ಟ್ (ಕ್ಲಬ್ಬಿನ ಹಿಡಿಕೆಯಿಂದ ತಲೆಯವರೆಗಿನ ಕೋಲು) ಅಳೆದು ಕೂಡಿಸಿಕೊಡುವ ಫಿಟ್ಟರ್ ಬೇಕೆಂದರೆ ಊರು ಬಿಟ್ಟು ಹೋಗಬೇಕು. ಹಾಗಾಗಿ ಅನೇಕರು ಫೋನಿನಲ್ಲಿ ವಿಡಿಯೊ ನೋಡಿ ಶಾಫ್ಟ್ ತರಿಸುತ್ತಾರೆ. ನಾವು ಒತ್ತಿ ಹೇಳುವುದು ಇಷ್ಟು: ಮೊದಲು ಗ್ರಿಪ್ (ಹಿಡಿಕೆಯ ರಬ್ಬರ್ ಹೊದಿಕೆ) ನೋಡಿ, ಆಮೇಲೆ ಉದ್ದ, ಆಮೇಲೆ ತೂಕ, ಎಲ್ಲಕ್ಕಿಂತ ಕೊನೆಗೆ ಫ್ಲೆಕ್ಸ್, ಅಂದರೆ ಶಾಫ್ಟ್ ಎಷ್ಟು ಬಾಗುತ್ತದೆ ಎಂಬುದು. ಬಹಳಷ್ಟು ಜನ ಈ ಕ್ರಮವನ್ನು ತಲೆಕೆಳಗು ಮಾಡಿ ಹಣ ಕಳೆದುಕೊಳ್ಳುತ್ತಾರೆ.

ಶಾಫ್ಟ್ ಬದಲಿಸಿದ್ರ ನನ್ನ ಸ್ಲೈಸ್ ಹೋಗ್ತದೇನ್ರಿ?

ಹೆಚ್ಚಿನವರಿಗೆ ಹೋಗುವುದಿಲ್ಲ. ಸ್ಲೈಸ್ ಎಂದರೆ ಬಲಗೈ ಆಟಗಾರನ ಚೆಂಡು ಬಲಕ್ಕೆ ಬಾಗುವುದು; ಅದಕ್ಕೆ ಮುಖ್ಯ ಕಾರಣ ಒಂದೇ: ಚೆಂಡು ತಾಗುವ ಕ್ಷಣದಲ್ಲಿ ಕ್ಲಬ್ ಸಾಗುವ ದಾರಿಗಿಂತ ಅದರ ಮುಖ ಬಲಕ್ಕೆ ತೆರೆದಿರುತ್ತದೆ. ಶಾಫ್ಟ್ ಆ ಮುಖವನ್ನು ಒಂದೆರಡು ಡಿಗ್ರಿ ಮುಚ್ಚಲು ನೆರವಾದೀತು, ಅದೂ ಎಲ್ಲರಿಗೂ ಅಲ್ಲ. ಐದಾರು ಡಿಗ್ರಿ ತೆರೆದು ಬರುವ ಮುಖಕ್ಕೆ ಶಾಫ್ಟ್‌ನಲ್ಲಿ ಮದ್ದಿಲ್ಲ. ಕೈ ಹಿಡಿತ, ಭುಜದ ದಿಕ್ಕು, ಚೆಂಡು ಇಡುವ ಜಾಗ ಇವನ್ನು ತಿದ್ದಬೇಕು.

ಇನ್ನೊಂದು ಕಾರಣ ಕಣ್ಣಿಗೆ ಬೀಳದೆ ಉಳಿಯುತ್ತದೆ. ಡ್ರೈವರ್‌ನ (ಅತಿ ದೂರ ಹೊಡೆಯುವ ಉದ್ದ ಕ್ಲಬ್) ಹೀಲ್ ಕಡೆ, ಅಂದರೆ ಶಾಫ್ಟ್‌ಗೆ ಹತ್ತಿರದ ಭಾಗಕ್ಕೆ ಚೆಂಡು ತಾಗಿದರೆ, ಮುಖ ನೆಟ್ಟಗಿದ್ದರೂ ಚೆಂಡು ಬಲಕ್ಕೆ ತಿರುಗುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಮೇಲೆ ಒಂದು ದಪ್ಪ ಚುಕ್ಕೆ ಇಟ್ಟು, ಆ ಚುಕ್ಕೆ ಕ್ಲಬ್ ಮುಖದ ಕಡೆ ಬರುವಂತೆ ಟೀ (ಚೆಂಡು ಇಡುವ ಸಣ್ಣ ಗೂಟ) ಮೇಲೆ ಕೂಡಿಸಿ ಹೊಡೆಯಿರಿ. ಮುಖದ ಮೇಲೆ ಅಚ್ಚು ಬೀಳುತ್ತದೆ. ಹತ್ತು ಹೊಡೆತ ಆದ ಮೇಲೆ ಫೋಟೊ ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಪಾದಕ್ಕೆ ಹೊಡೆಯುವ ಪೌಡರ್ ಸ್ಪ್ರೇಯನ್ನು ಮುಖಕ್ಕೆ ತೆಳುವಾಗಿ ಹೊಡೆದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಚ್ಚುಗಳು ಒಂದೇ ಕಡೆ ಗುಂಪಾಗಿದ್ದು ನಡುವಿನಿಂದ ದೂರ ಇದ್ದರೆ, ಉದ್ದ ಅಥವಾ ನಿಲುವಿನ ತೊಂದರೆ. ಮುಖದ ತುಂಬ ಚದುರಿದ್ದರೆ ಅಭ್ಯಾಸ ಬೇಕು. ಅಂಥವರು ಈಗಲೇ ಶಾಫ್ಟ್‌ಗೆ ದುಡ್ಡು ಹಾಕಬಾರದು.

ಹಂಗಾದ್ರ ಹೊಸ ಶಾಫ್ಟ್ ಯಾರಿಗೆ ಬೇಕು?

ದೇಹ ಬದಲಾದವರಿಗೆ ಮೊದಲು. ಮೂವತ್ತರಲ್ಲಿ ಕೊಂಡ ಗಟ್ಟಿ ಸ್ಟೀಲ್ ಸೆಟ್ಟನ್ನು ಅರವತ್ತರಲ್ಲೂ ಎತ್ತುತ್ತಿರುವವರು, ಮೊಣಕೈ ಅಥವಾ ಭುಜದ ನೋವಿರುವವರು, ಹದಿನೈದರಿಂದ ಹದಿನೆಂಟಕ್ಕೆ ಬಂದು ಒಮ್ಮೆಲೇ ಬಲ ಕೂಡಿಸಿಕೊಂಡ ಹುಡುಗರು ಈ ಸಾಲಿಗೆ ಸೇರುತ್ತಾರೆ. ಬೇರೆಯವರ ಹಳೆಯ ಸೆಟ್ ಕೊಂಡು ಆಡುತ್ತಿರುವವರೂ ಪರೀಕ್ಷೆ ಮಾಡಿಸಬೇಕು. ಅಂಥ ಸೆಟ್‌ಗಳಲ್ಲಿ ಒಂದೊಂದು ಐರನ್‌ಗೆ (ತೆಳು ಲೋಹದ ತಲೆಯ ಕ್ಲಬ್) ಒಂದೊಂದು ಬಗೆಯ ಶಾಫ್ಟ್ ಕೂತಿರುವುದು ಅಪರೂಪವಲ್ಲ. ಶಾಫ್ಟ್ ಮೇಲಿನ ಪಟ್ಟಿ ಎಲ್ಲ ಕ್ಲಬ್‌ಗಳಲ್ಲಿ ಒಂದೇ ಇದೆಯೇ ಎಂದು ಓದಿ ನೋಡಿ.

ಹಾಳಾದ ಶಾಫ್ಟ್ ಇದ್ದರೆ ಯೋಚಿಸುವುದೇ ಬೇಡ, ಬದಲಿಸಿ. ಸ್ಟೀಲ್‌ನಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಅದು ಅಲ್ಲೇ ಮುರಿಯುತ್ತದೆ. ಗ್ರಿಪ್ ತುದಿಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ನಿಧಾನ ತಿರುಗಿಸಿ, ಬಾಗಿದ್ದರೆ ತಿಳಿಯುತ್ತದೆ. ಗ್ರಾಫೈಟ್‌ನಲ್ಲಿ ತಲೆ ಸೇರುವ ಜಾಗಕ್ಕೆ ಸ್ವಲ್ಪ ಮೇಲೆ ಕೂದಲೆಳೆಯಂಥ ಬಿರುಕು ಅಥವಾ ಎದ್ದ ಸಿಪ್ಪೆ ಇದೆಯೇ ಎಂದು ಉಗುರು ಆಡಿಸಿ ನೋಡಿ. ಇದ್ದರೆ ಆ ಕ್ಲಬ್ಬಿನಿಂದ ಇನ್ನೊಂದು ಹೊಡೆತವೂ ಬೇಡ. ತಲೆ ಹಾರಿ ಮುಂದಿದ್ದವರಿಗೆ ಬಡಿದರೆ ಅನಾಹುತ.

ಗ್ರಿಪ್ ಮೊದಲು ಅಂತೀರಿ, ಯಾಕ?

ನಮ್ಮ ಬಿಸಿಲು, ಬೆವರು, ಧೂಳು ಸೇರಿ ಗ್ರಿಪ್ಪಿನ ರಬ್ಬರನ್ನು ಬೇಗ ಗಟ್ಟಿ ಮಾಡಿ ನುಣ್ಣಗಾಗಿಸುತ್ತವೆ. ಕ್ಲಬ್ ಜಾರುತ್ತದೆಂಬ ಭಯಕ್ಕೆ ಕೈ ಬಿಗಿಯುತ್ತದೆ, ಮಣಿಕಟ್ಟು ತಿರುಗುವುದಿಲ್ಲ, ಮುಖ ತೆರೆದೇ ಬರುತ್ತದೆ. ಆಟಗಾರನಿಗೆ ಅದು ಶಾಫ್ಟ್ ಗಟ್ಟಿಯಾದಂತೆ ಅನ್ನಿಸುತ್ತದೆ. ಮೊದಲು ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್‌ನಿಂದ ತೊಳೆದು ನೆರಳಲ್ಲಿ ಒಣಗಿಸಿ. ಹಿಡಿತ ಮರಳದಿದ್ದರೆ ಹೊಸ ಗ್ರಿಪ್ ಹಾಕಿ. ಸಾಮಾನ್ಯ ಗ್ರಿಪ್ ಸುಮಾರು 50 ಗ್ರಾಂ ತೂಗುತ್ತದೆ. ಅದರ ಒಳರಂಧ್ರದ ಗುರುತು 58 ಅಥವಾ 60 (0.580 ಅಥವಾ 0.600 ಇಂಚು) ಎಂದಿರುತ್ತದೆ. 0.600 ಇಂಚಿನ ಶಾಫ್ಟ್‌ಗೆ 58ರ ಗ್ರಿಪ್ ಹಾಕಿದರೆ ಹಿಗ್ಗಿ ದಪ್ಪವಾಗುತ್ತದೆ; ಕೈ ಸಣ್ಣದಿದ್ದವರಿಗೆ ಇದೇ ಒಂದು ಹೊಸ ತೊಂದರೆ.

ಶಾಫ್ಟ್ ಮ್ಯಾಲಿನ ಆರ್, ಎಸ್, ಎಕ್ಸ್ ಅಕ್ಷರ ನಂಬಬೇಕೋ ಬ್ಯಾಡೋ?

ಆ ಅಕ್ಷರಗಳು ಫ್ಲೆಕ್ಸ್‌ನ ಗುರುತು: ಆರ್ ರೆಗ್ಯುಲರ್, ಎಸ್ ಸ್ಟಿಫ್, ಎಕ್ಸ್ ಅದಕ್ಕೂ ಗಟ್ಟಿ. ಒಂದೇ ಕಂಪನಿಯ ಒಂದೇ ಮಾದರಿಯೊಳಗೆ ನಂಬಿ. ಅದರಾಚೆ ನಂಬಬೇಡಿ, ಏಕೆಂದರೆ ಇಡೀ ಉದ್ಯಮಕ್ಕೆ ಒಂದೇ ಅಳತೆ ಎಂಬುದಿಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ಗಿಂತ ಗಟ್ಟಿ ಇರಬಹುದು. ಫಿಟ್ಟರ್‌ಗಳು ಹಿಡಿಕೆಯ ತುದಿಯನ್ನು ಯಂತ್ರದಲ್ಲಿ ಬಿಗಿದು, ಇನ್ನೊಂದು ತುದಿ ಮಿಡಿದು, ನಿಮಿಷಕ್ಕೆ ಎಷ್ಟು ಸಲ ಅಲುಗುತ್ತದೆಂದು ಎಣಿಸುವುದು ಇದೇ ಕಾರಣಕ್ಕೆ.

ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಒಂದು ಅಂದಾಜು: ಡ್ರೈವರ್ ಬೀಸುವ ವೇಗ ಗಂಟೆಗೆ 75ರಿಂದ 85 ಮೈಲಿ ಇದ್ದರೆ ಸೀನಿಯರ್, 85ರಿಂದ 95 ಇದ್ದರೆ ರೆಗ್ಯುಲರ್, 95ರಿಂದ 105 ಇದ್ದರೆ ಸ್ಟಿಫ್, ಅದಕ್ಕೂ ಮೇಲೆ ಎಕ್ಸ್‌ಟ್ರಾ ಸ್ಟಿಫ್. 75ಕ್ಕಿಂತ ಕೆಳಗಿದ್ದರೆ ಲೇಡೀಸ್ ಫ್ಲೆಕ್ಸ್. ಹೆಸರು ನೋಡಿ ಗಂಡಸರು ಹಿಂಜರಿಯಬೇಕಿಲ್ಲ. ವೇಗ ಒಂದೇ ಇದ್ದರೂ, ಮೇಲಿಂದ ಜೋರಾಗಿ ಎಳೆಯುವವರಿಗೆ ಒಂದು ಹೆಜ್ಜೆ ಗಟ್ಟಿಯದು, ಸಾವಕಾಶ ಬೀಸುವವರಿಗೆ ಒಂದು ಹೆಜ್ಜೆ ಮೆತ್ತನೆಯದು ಹಿಡಿಸುತ್ತದೆ.

ತೂಕಕ್ಕ ಇಷ್ಟ್ಯಾಕ ಮಹತ್ವ?

ಬೀಸುವಾಗ ಕೈಗೆ ಮೊದಲು ಗೊತ್ತಾಗುವುದು ತೂಕವೇ. ಡ್ರೈವರ್‌ನ ಗ್ರಾಫೈಟ್ ಶಾಫ್ಟ್‌ಗಳು ಸುಮಾರು 40ರಿಂದ 80 ಗ್ರಾಂ, ಐರನ್‌ಗಳ ಸ್ಟೀಲ್ ಶಾಫ್ಟ್‌ಗಳು ಸುಮಾರು 90ರಿಂದ 130 ಗ್ರಾಂ ನಡುವೆ ಇರುತ್ತವೆ. ಟ್ರೂ ಟೆಂಪರ್ ಡೈನಾಮಿಕ್ ಗೋಲ್ಡ್ ಎಸ್ 300 ಸುಮಾರು 130 ಗ್ರಾಂ. ನಿಪ್ಪಾನ್ ಎನ್‌ಎಸ್ ಪ್ರೊ 950 ಜಿಎಚ್ 100ಕ್ಕಿಂತ ಕಡಿಮೆ. ಕ್ಲಬ್ ಒಂದಕ್ಕೆ 30 ಗ್ರಾಂ ವ್ಯತ್ಯಾಸ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ಹದಿನಾಲ್ಕನೇ ಹೋಲ್ ತಲುಪುವ ಹೊತ್ತಿಗೆ ಆ 30 ಗ್ರಾಂ ಏನೆಂದು ತೋಳಿಗೆ ತಿಳಿಯುತ್ತದೆ.

ತೂಕ ಹೆಚ್ಚಾದುದರ ಗುರುತು: ಮೊದಲ ಆರು ಹೋಲ್ ಚೆನ್ನಾಗಿ ಆಡಿ, ಆಮೇಲೆ ಚೆಂಡು ಬಲಕ್ಕೆ ಜಾರುವುದು, ಕ್ಲಬ್ ಚೆಂಡಿಗಿಂತ ಹಿಂದೆಯೇ ನೆಲಕ್ಕೆ ತಾಗುವುದು. ಕಡಿಮೆಯಾದುದರ ಗುರುತು: ಕ್ಲಬ್ಬಿನ ತಲೆ ಎಲ್ಲಿದೆ ಎಂದೇ ಗೊತ್ತಾಗದೆ ಗಡಿಬಿಡಿಯಾಗಿ ಬೀಸುವುದು, ಒಂದು ಚೆಂಡು ಎಡಕ್ಕೆ ಒಂದು ಬಲಕ್ಕೆ ಹೋಗುವುದು. ಹಗುರ ಶಾಫ್ಟ್ ಹಾಕಿದರೆ ವೇಗ ಹೆಚ್ಚುತ್ತದೆ ಎಂಬ ಜಾಹೀರಾತಿನಲ್ಲಿ ಅರ್ಧ ಸತ್ಯವಿದೆ. ಬೀಸುವ ವೇಗ ಒಂದೆರಡು ಮೈಲಿ ಏರಿದರೂ ಚೆಂಡು ಮುಖದ ನಡುವೆ ತಾಗದಿದ್ದರೆ ಚೆಂಡಿನ ವೇಗ ಇಳಿಯುತ್ತದೆ.

ಉದ್ದ ಕಡಿಮೆ ಮಾಡಿದ್ರ ದೂರ ಕಮ್ಮಿ ಆಗಂಗಿಲ್ಲೇನು?

ನಡುವೆ ತಾಗಿದರೆ ಆಗುವುದಿಲ್ಲ, ಅನೇಕರಿಗೆ ಹೆಚ್ಚೇ ಆಗುತ್ತದೆ. ಅಂಗಡಿ ಡ್ರೈವರ್‌ಗಳು ಈಗ 45.5 ಇಂಚಿನ ಆಸುಪಾಸು ಬರುತ್ತವೆ. ಅಚ್ಚುಗಳು ಚದುರಿದ್ದರೆ, ಹೊಸ ಶಾಫ್ಟ್ ಕೊಳ್ಳುವ ಮೊದಲು ಇದ್ದ ಕ್ಲಬ್ಬನ್ನೇ ಒಂದು ಇಂಚು ಕೆಳಗೆ ಹಿಡಿದು ಇಪ್ಪತ್ತು ಚೆಂಡು ಹೊಡೆದು ನೋಡಿ. ಒಂದು ಪೈಸೆ ಖರ್ಚಿಲ್ಲ. ಅಚ್ಚುಗಳು ನಡುವೆ ಗುಂಪಾದರೆ ಉತ್ತರ ಸಿಕ್ಕಿತು.

ಆದರೆ ಕತ್ತರಿಸುವ ಮೊದಲು ಸ್ವಿಂಗ್‌ವೇಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತದೆಂಬ ಅಳತೆ) ಲೆಕ್ಕ ಬೇಕು. ಅರ್ಧ ಇಂಚು ಕಡಿದರೆ ಸುಮಾರು 3 ಅಂಕ ಇಳಿಯುತ್ತದೆ. ತಲೆಗೆ 2 ಗ್ರಾಂ ಸೇರಿಸಿದರೆ 1 ಅಂಕ ಏರುತ್ತದೆ. ಗ್ರಿಪ್ 4–5 ಗ್ರಾಂ ಭಾರವಾದರೆ 1 ಅಂಕ ಇಳಿಯುತ್ತದೆ. ಶಾಫ್ಟ್ ಸುಮಾರು 9 ಗ್ರಾಂ ಹಗುರವಾದರೂ 1 ಅಂಕ ಇಳಿಕೆ. ಈ ಅಳತೆಯನ್ನು ಅಕ್ಷರ, ಅಂಕಿ ಸೇರಿಸಿ ಬರೆಯುತ್ತಾರೆ, ಡಿ0ಯ ಕೆಳಗಿನದು ಸಿ9. ಹೀಗೆ ಡಿ2 ಇದ್ದ ಡ್ರೈವರ್ ಒಂದು ಇಂಚು ಕಡಿದಾಗ ಸಿ6ಕ್ಕೆ ಬರುತ್ತದೆ; ಮರಳಿ ಡಿ2 ಬೇಕೆಂದರೆ ತಲೆಯ ಅಡಿಗೆ 12 ಗ್ರಾಂ ಲೆಡ್ ಟೇಪ್ ಅಂಟಿಸಬೇಕು. 5–6 ಗ್ರಾಂ ಅಂಟಿಸಿ ಅರ್ಧ ದಾರಿಗೆ ತಂದರೂ ಹೆಚ್ಚಿನವರಿಗೆ ಸಾಕು.

ಐರನ್‌ಗೆ ಸ್ಟೀಲೋ ಗ್ರಾಫೈಟೋ?

ಇಲ್ಲಿ ನಮ್ಮ ನೆಲದ ಮಾತು ಬರುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುತ್ತದೆ. ಬೀದರಿನ ಕೆಂಪು ನೆಲದಲ್ಲಿ ಮುರುಮಿನ ಹರಳು. ಇದಕ್ಕಿಂತ ಕೆಟ್ಟದ್ದು ಮಾಳಿಗೆಯ ಅಭ್ಯಾಸ: ಶಹಾಬಾದ್ ಫರಸಿ ಹಾಸಿದ ನೆಲದ ಮೇಲೆ ತೆಳು ಮ್ಯಾಟ್ ಹಾಸಿ ದಿನಕ್ಕೆ ನೂರು ಚೆಂಡು ಹೊಡೆದರೆ ಪ್ರತಿ ಏಟಿನ ಅದುರು ನೇರ ಮೊಣಕೈಗೆ ಹೋಗುತ್ತದೆ. ಕೈ ನೋಯುತ್ತದೆಂದು ಗ್ರಾಫೈಟ್ ಕೊಳ್ಳುವ ಮೊದಲು ಮ್ಯಾಟ್ ಕೆಳಗೆ ಒಂದಿಂಚು ದಪ್ಪದ ರಬ್ಬರ್ ಹಾಸು ಹಾಕಿ. ಅದರ ಮೇಲೂ ನೋವು ಉಳಿದರೆ ಗ್ರಾಫೈಟ್ ಸರಿಯಾದ ಆಯ್ಕೆ, ಅದುರನ್ನು ಅದು ಹೆಚ್ಚು ಹೀರುತ್ತದೆ. ಗ್ರಾಫೈಟ್ ಎಂದರೆ ಮುದುಕರಿಗೆ ಎಂಬ ಮಾತು ಹಳತಾಯಿತು. ಈಗ 90 ಗ್ರಾಂ ಮೀರಿದ ಗಟ್ಟಿ ಗ್ರಾಫೈಟ್ ಐರನ್ ಶಾಫ್ಟ್‌ಗಳೂ ಇವೆ.

ನೋವಿಲ್ಲ, ಬಲವಿದೆ ಎನ್ನುವವರಿಗೆ 95ರಿಂದ 105 ಗ್ರಾಂನ ಹಗುರ ಸ್ಟೀಲ್ ಒಳ್ಳೆಯದು. ಬೆಲೆಯೂ ಕಡಿಮೆ, ಬಾಳಿಕೆಯೂ ಹೆಚ್ಚು. ಮ್ಯಾಟ್ ಬಗ್ಗೆ ಇನ್ನೊಂದು ಎಚ್ಚರಿಕೆ: ಚೆಂಡಿಗಿಂತ ಹಿಂದೆ ನೆಲ ಮುಟ್ಟಿದರೂ ಮ್ಯಾಟ್ ಮೇಲೆ ಕ್ಲಬ್ ಜಾರಿ ಚೆಂಡಿಗೆ ತಾಗುತ್ತದೆ, ಹೊಡೆತ ಚೆನ್ನಾಗಿ ಬಂತೆಂಬ ಭ್ರಮೆಯಾಗುತ್ತದೆ. ಮ್ಯಾಟ್ ಮೇಲಿನ ಅನುಭವ ನಂಬಿ ಐರನ್ ಶಾಫ್ಟ್ ಆರಿಸಬೇಡಿ.

ಹೈದರಾಬಾದ್‌ಗೆ ಹೋಗಿ ಟೆಸ್ಟ್ ಮಾಡಿಸ್ಬೇಕಂದ್ರ ಹೆಂಗ ತಯಾರಾಗ್ಬೇಕು?

ಬೀದರಿನಿಂದ ಸುಮಾರು 140 ಕಿ.ಮೀ., ಕಲಬುರಗಿಯಿಂದ 220 ಕಿ.ಮೀ. ಆಸುಪಾಸು. ಬೆಳಗ್ಗೆ ಹೊರಟು ನೇರ ಪರೀಕ್ಷೆಗೆ ನಿಂತರೆ ಬೆನ್ನು ಬಿಗಿದಿರುತ್ತದೆ, ವೇಗ ಕಡಿಮೆ ಬರುತ್ತದೆ, ಮೆತ್ತನೆ ಶಾಫ್ಟ್ ಹಿಡಿಸಿಬಿಡುತ್ತದೆ. ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಳ್ಳಿ. ಆಗದಿದ್ದರೆ ತಲುಪಿದ ಮೇಲೆ ಒಂದು ತಾಸು ಬಿಟ್ಟು ಸಮಯ ಪಡೆಯಿರಿ.

ನಿಮ್ಮದೇ ಕ್ಲಬ್‌ಗಳನ್ನು ಒಯ್ಯಿರಿ: ಡ್ರೈವರ್, 7 ಐರನ್, ನಿಮಗೆ ಅತ್ಯಂತ ಪ್ರೀತಿಯ ಒಂದು ಕ್ಲಬ್. ಮೂರನೆಯದು ಏಕೆಂದರೆ, ಕೈಗೆ ಒಗ್ಗಿದ ಕ್ಲಬ್ಬಿನ ತೂಕ ಮತ್ತು ಬಿಗುವು ನೋಡಿ ಫಿಟ್ಟರ್ ಅರ್ಧ ಉತ್ತರ ಕಂಡುಕೊಳ್ಳುತ್ತಾರೆ. ನೀವು ಆಡುವ ಮಾದರಿಯದೇ ಆರು ಚೆಂಡು ಒಯ್ಯಿರಿ. ರೇಂಜ್ ಚೆಂಡುಗಳ ಲೆಕ್ಕ ಬೇರೆ. ಆಡುವ ಬೂಟು, ಗ್ಲೌಸ್ ಕೂಡ ಇರಲಿ. ಹೋಗುವ ಮೊದಲೇ ಫೋನ್ ಮಾಡಿ ಎರಡು ವಿಷಯ ಕೇಳಿ: ನಿಮ್ಮ ಡ್ರೈವರ್ ತಲೆಗೆ ಕೂಡುವ ಸ್ಲೀವ್ (ಶಾಫ್ಟ್ ತುದಿಯನ್ನು ತಲೆಗೆ ಜೋಡಿಸುವ ತುಂಡು) ಅವರಲ್ಲಿದೆಯೇ, ಶಾಫ್ಟ್ ಅಲ್ಲೇ ಕೊಂಡರೆ ಪರೀಕ್ಷೆಯ ಶುಲ್ಕ ಕಳೆಯುತ್ತಾರೆಯೇ.

ಪರೀಕ್ಷೆಯಲ್ಲಿ ಮೊದಲು ನಿಮ್ಮ ಹಳೆಯ ಕ್ಲಬ್ಬಿನಿಂದ ಹತ್ತು ಹೊಡೆತದ ಲೆಕ್ಕ ಬರೆಸಿ. ಆಮೇಲೆ ತಲೆ ಬದಲಿಸಬೇಡಿ, ಲಾಫ್ಟ್ (ಕ್ಲಬ್ ಮುಖದ ಓರೆ) ಬದಲಿಸಬೇಡಿ, ಶಾಫ್ಟ್ ಮಾತ್ರ ಬದಲಾಗಲಿ. ಅಂಗಡಿಯಲ್ಲಿ ಹೊಸ ತಲೆ, ಹೊಸ ಶಾಫ್ಟ್ ಎರಡೂ ಒಟ್ಟಿಗೆ ಕೊಟ್ಟು 15 ಯಾರ್ಡ್ ಹೆಚ್ಚು ತೋರಿಸಿದರೆ, ಅದು ಯಾವುದರಿಂದ ಬಂತೆಂದು ಯಾರಿಗೂ ಹೇಳಲಾಗದು. ಐದು ಹೊಡೆತ ಹೊಸದು, ಐದು ಹಳೆಯದು, ಮತ್ತೆ ಐದು ಹೊಸದು ಹೀಗೆ ಅದಲುಬದಲು ಮಾಡಿ. ಇಲ್ಲದಿದ್ದರೆ ಮೈ ಬಿಸಿಯಾದ ಲಾಭವೆಲ್ಲ ಹೊಸ ಶಾಫ್ಟ್ ಖಾತೆಗೆ ಬೀಳುತ್ತದೆ. ಮೂರ್ನಾಲ್ಕು ಶಾಫ್ಟ್‌ಗಿಂತ ಹೆಚ್ಚು ನೋಡಬೇಡಿ. ಎಪ್ಪತ್ತು ಹೊಡೆತ ದಾಟಿದ ಮೇಲೆ ದಣಿವು ಲೆಕ್ಕ ಕೆಡಿಸುತ್ತದೆ. ಕೊನೆಗೆ ಗೆದ್ದ ಶಾಫ್ಟನ್ನು ಊಟ ಮುಗಿಸಿ ಬಂದು ಇನ್ನೊಮ್ಮೆ ಹತ್ತು ಹೊಡೆತ ಪರೀಕ್ಷಿಸಿ. ಆಗಲೂ ಗೆದ್ದರೆ ಮಾತ್ರ ಮಾತು ಮುಂದುವರಿಸಿ.

ಪರದೆ ಮ್ಯಾಲ ಇಷ್ಟೊಂದು ಅಂಕಿ, ಯಾವುದು ನೋಡ್ಲಿ?

ಕ್ಯಾರಿ (ಚೆಂಡು ಗಾಳಿಯಲ್ಲಿ ಹಾರಿ ನೆಲಕ್ಕೆ ಬೀಳುವವರೆಗಿನ) ದೂರದ ಸರಾಸರಿ ಮತ್ತು ಎಡ-ಬಲ ಹರಡು. ಅತಿ ಉದ್ದದ ಒಂದು ಹೊಡೆತವನ್ನು ಮರೆತುಬಿಡಿ. ಒಟ್ಟು ದೂರವನ್ನೂ ನೋಡಬೇಡಿ, ಉರುಳಾಟವನ್ನು ಯಂತ್ರ ಊಹಿಸಿರುತ್ತದೆ. ಬೀಸಿನ ವೇಗಕ್ಕೆ ಚೆಂಡಿನ ವೇಗದ ಅನುಪಾತ ಡ್ರೈವರ್‌ನಲ್ಲಿ 1.45 ದಾಟಿದರೆ ನಡುವೆ ತಾಗುತ್ತಿದೆ ಎಂದರ್ಥ, 1.50 ಹೆಚ್ಚೂ ಕಡಿಮೆ ಮೇಲ್ಮಿತಿ. ಗಂಟೆಗೆ 90 ಮೈಲಿ ಬೀಸುವವರಿಗೆ ಚೆಂಡು 12ರಿಂದ 15 ಡಿಗ್ರಿಯಲ್ಲಿ ಎದ್ದು, ಸ್ಪಿನ್ ನಿಮಿಷಕ್ಕೆ 2500ರಿಂದ 3000 ಸುತ್ತಿನ ಸುಮಾರಿಗೆ ಇದ್ದರೆ ಚೆನ್ನ. ಸ್ಪಿನ್ 4000 ಇದ್ದರೆ ಶಾಫ್ಟ್‌ಗಿಂತ ಮೊದಲು ಚೆಂಡು ಮುಖದ ಕೆಳಭಾಗಕ್ಕೆ ತಾಗುತ್ತಿದೆಯೇ, ಲಾಫ್ಟ್ ಹೆಚ್ಚಾಗಿದೆಯೇ ನೋಡಿ.

ಸರಾಸರಿ 3–4 ಯಾರ್ಡ್ ಹೆಚ್ಚಿ, ಹರಡು ಅಷ್ಟೇ ಇದ್ದರೆ ನಮ್ಮ ಸಲಹೆ: ಕೊಳ್ಳಬೇಡಿ. ದೂರ ಅಷ್ಟೇ ಇದ್ದು ಹರಡು ಕಾಲು ಭಾಗ ಕಡಿಮೆಯಾದರೆ ಕೊಳ್ಳಿ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದು ದೂರದ ಬಲದಿಂದಲ್ಲ. ಅಲ್ಲಿ ಅವರಿಗಿಂತ ದೂರ ಹೊಡೆಯುವವರು ಬೇಕಾದಷ್ಟು ಮಂದಿ ಇದ್ದರು.

ಆನ್‌ಲೈನ್‌ನಾಗ ಹಳೆ ಶಾಫ್ಟ್ ಸಿಗ್ತಾವ. ತಗೋಬಹುದಾ?

ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ. ಮೊದಲನೆಯದು ಸ್ಲೀವ್ ಯಾವ ಕಂಪನಿಯದು, ಯಾವ ಪೀಳಿಗೆಯದು. ಟೇಲರ್‌ಮೇಡ್ ಸ್ಲೀವ್ ಕ್ಯಾಲವೇ ತಲೆಗೆ ಕೂಡುವುದಿಲ್ಲ, ಟೈಟ್ಲಿಸ್ಟ್‌ನದು ಇವೆರಡಕ್ಕೂ ಇಲ್ಲ. ಎರಡನೆಯದು ತುದಿ ಕತ್ತರಿಸಿದ್ದಾರೆಯೇ, ಎಷ್ಟು. 3 ವುಡ್‌ಗೆಂದು (ಡ್ರೈವರ್‌ಗಿಂತ ಗಿಡ್ಡ ಕ್ಲಬ್) ತುದಿ ಕಡಿದ ಶಾಫ್ಟ್ ಡ್ರೈವರ್‌ಗೆ ಹಾಕಿದರೆ ಬರೆದ ಫ್ಲೆಕ್ಸ್‌ಗಿಂತ ಗಟ್ಟಿಯಾಗುತ್ತದೆ, ಉದ್ದವೂ ಸಾಲದು. ಮೂರನೆಯದು ತುದಿಯ ದಪ್ಪ: ಡ್ರೈವರ್‌ಗೆ ಸಾಮಾನ್ಯವಾಗಿ 0.335 ಇಂಚು, ಹೈಬ್ರಿಡ್‌ಗೆ (ವುಡ್, ಐರನ್ ಎರಡರ ನಡುವಿನ ಕ್ಲಬ್) 0.370, ಐರನ್‌ಗಳಲ್ಲಿ ತುದಿ ಸಣ್ಣಗಾಗುತ್ತ ಹೋಗುವುದು 0.355, ತುದಿ ಒಂದೇ ದಪ್ಪ ಇರುವುದು 0.370. 0.370ರ ಶಾಫ್ಟ್ 0.355ರ ರಂಧ್ರಕ್ಕೆ ಇಳಿಯುವುದೇ ಇಲ್ಲ.

ನಕಲಿ ಮಾಲಿನ ಪರೀಕ್ಷೆಗೆ 1 ಗ್ರಾಂವರೆಗೆ ತೋರಿಸುವ ಅಡಿಗೆಮನೆ ತಕ್ಕಡಿ ಸಾಕು. ಕತ್ತರಿಸದ ಶಾಫ್ಟ್‌ನ ತೂಕವನ್ನು ಕಂಪನಿ ಪ್ರಕಟಿಸಿರುತ್ತದೆ. ಒಂದೆರಡು ಗ್ರಾಂ ಆಚೀಚೆ ಸಹಜ, ಎಂಟು ಹತ್ತು ಗ್ರಾಂ ಆದರೆ ಮರಳಿಸಿ. ಕೊರಿಯರ್‌ನಲ್ಲಿ ಬರುವುದಾದರೆ ಎರಡಿಂಚಿನ ಪಿವಿಸಿ ಪೈಪಿನೊಳಗೆ ಹಾಕಿ, ಎರಡೂ ತುದಿಗೆ ಬಟ್ಟೆ ತುರುಕಿ ಕಳಿಸಲು ಹೇಳಿ; ರಟ್ಟಿನ ಕೊಳವೆ ಮಡಚಿದರೆ ಗ್ರಾಫೈಟ್ ಒಳಗೇ ಬಿರಿಯುತ್ತದೆ, ಹೊರಗೆ ಕಾಣುವುದಿಲ್ಲ.

ಊರಾಗಿನ ವೆಲ್ಡಿಂಗ್ ಅಂಗಡಿಯಾಗ ಬದಲಿ ಮಾಡಿಸ್ಬಹುದಾ?

ಗ್ರಾಫೈಟ್ ಆದರೆ ಖಂಡಿತ ಬೇಡ. ಗ್ಯಾಸ್ ಟಾರ್ಚ್ ಬೆಂಕಿಗೆ ತಲೆ ಅಂಟಿಸಿದ ಎಪಾಕ್ಸಿಯ ಜೊತೆ ಶಾಫ್ಟ್‌ನೊಳಗಿನ ರಾಳವೂ ಸುಡುತ್ತದೆ, ಎಳೆಗಳು ಬಿಡಿಸಿಕೊಳ್ಳುತ್ತವೆ. ತಿರುಚಿ ಎಳೆದರೂ ಅದೇ ಗತಿ. ಗ್ರಾಫೈಟ್‌ಗೆ ಹೀಟ್ ಗನ್‌ನಿಂದ ಲೋಹದ ಭಾಗವನ್ನಷ್ಟೇ ಬಿಸಿ ಮಾಡಿ, ಶಾಫ್ಟ್ ಪುಲ್ಲರ್‌ನಲ್ಲಿ ನೇರಕ್ಕೆ ಎಳೆಯಬೇಕು. ಸ್ಟೀಲ್ ಐರನ್ ಆದರೆ ಹುಷಾರಿನವರು ಮನೆಯಲ್ಲೇ ಮಾಡಬಹುದು:

1. ರಬ್ಬರ್ ತುಂಡು ಸುತ್ತಿ ಶಾಫ್ಟನ್ನು ವೈಸ್‌ಗೆ ಬಿಗಿದು, ಹೋಸೆಲ್ (ತಲೆಯಲ್ಲಿ ಶಾಫ್ಟ್ ಕೂರುವ ಕೊಳವೆ) ಸುತ್ತ ಹೀಟ್ ಗನ್ ಆಡಿಸಿ. ಫೆರುಲ್ (ಹೋಸೆಲ್ ಮೇಲಿನ ಪ್ಲಾಸ್ಟಿಕ್ ಉಂಗುರ) ಮೆತ್ತಗಾಗಿ ಅಂಟು ಸಡಿಲಾದಾಗ ದಪ್ಪ ಕೈಗವಸು ಹಾಕಿ ತಲೆ ತಿರುಚಿ ತೆಗೆಯಿರಿ.
2. ಹೋಸೆಲ್ ಒಳಗಿನ ಹಳೆಯ ಅಂಟನ್ನು ದುಂಡು ತಂತಿ ಬ್ರಷ್‌ನಿಂದ ಪೂರ್ತಿ ಕೆರೆಯಿರಿ. ತಲೆ ಹಾರಿಹೋಗುವುದು ಹೆಚ್ಚಾಗಿ ಈ ಹಂತದಲ್ಲಿ ಮಾಡಿದ ಸೋಮಾರಿತನದಿಂದ.
3. ಹೊಸ ಶಾಫ್ಟ್ ಹೋಸೆಲ್ ಒಳಗೆ ಹೋಗುವಷ್ಟು ಉದ್ದವನ್ನು, ಸಾಮಾನ್ಯವಾಗಿ 25–30 ಮಿ.ಮೀ., ಅಳೆದು ಟೇಪ್ ಸುತ್ತಿ. ಅಷ್ಟು ಭಾಗದ ಹೊಳಪನ್ನು ಮಾತ್ರ ಮರಳು ಕಾಗದದಿಂದ ತೆಗೆಯಿರಿ.
4. ನಿಧಾನ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿಯನ್ನು ಹೇಳಿದ ಅನುಪಾತದಲ್ಲಿ ಕಲಸಿ, ಶಾಫ್ಟ್‌ಗೂ ಹೋಸೆಲ್ ಒಳಗೂ ಹಚ್ಚಿ. 5 ನಿಮಿಷದ ಅಂಟು ಬೇಡ. ಏಟಿಗೆ ಬಿರಿಯುತ್ತದೆ, ಬಿಸಿಗೆ ಸೋಲುತ್ತದೆ.
5. ತಳದವರೆಗೆ ಕೂಡಿಸಿ, ಹೊರಬಂದ ಅಂಟು ಒರೆಸಿ, 24 ತಾಸು ಅಲುಗಾಡದಂತೆ ನಿಲ್ಲಿಸಿ.

ಉದ್ದ ಕಡಿಯುವಾಗ ಸ್ಟೀಲ್‌ಗೆ ಪ್ಲಂಬರ್‌ನ ಪೈಪ್ ಕಟರ್ ನಡೆಯುತ್ತದೆ. ಗ್ರಾಫೈಟ್‌ಗೆ ಅದು ಸಲ್ಲದು, ಒತ್ತಿ ಸೀಳುತ್ತದೆ. ಟೇಪ್ ಸುತ್ತಿ ಕಟಿಂಗ್ ವೀಲ್‌ನಿಂದ ಕಡಿಯಬೇಕು, ಮಾಸ್ಕ್ ಇಲ್ಲದೆ ಕಡಿಯಬಾರದು. ಆ ಪುಡಿ ಪುಪ್ಪುಸಕ್ಕೆ ಕೆಟ್ಟದ್ದು.

ಕಾರಿನ ಡಿಕ್ಕಿಯಾಗ ಕ್ಲಬ್ ಬಿಟ್ರ ಏನಾಗ್ತದ?

ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿನ ಒಳಗೆ 60 ಡಿಗ್ರಿ ದಾಟುತ್ತದೆ. ಮನೆಯ ತಾಪದಲ್ಲಿ ಗಟ್ಟಿಯಾದ ಎಪಾಕ್ಸಿ ಆ ಬಿಸಿಯಲ್ಲಿ ಮೆತ್ತಗಾಗಲು ಶುರುವಾಗುತ್ತದೆ. ದಿನವೂ ಹೀಗೆ ಬೆಂದರೆ ಫೆರುಲ್ ಮೇಲಕ್ಕೆ ಸರಿಯುತ್ತದೆ, ಹೊಡೆದಾಗ ಟಿಕ್ ಎಂಬ ಸದ್ದು ಬರುತ್ತದೆ, ತಲೆ ಕೂದಲೆಳೆಯಷ್ಟು ತಿರುಗುತ್ತದೆ. ಆಗ ಚೆಂಡು ಬಲಕ್ಕೆ ಹೋದರೆ ಶಾಫ್ಟ್ ಸರಿಯಿಲ್ಲ ಎಂದು ಅನೇಕರು ಅಂದುಕೊಳ್ಳುತ್ತಾರೆ. ಫೆರುಲ್ ಮತ್ತು ಹೋಸೆಲ್ ಮೇಲೆ ಹಾದುಹೋಗುವಂತೆ ಪರ್ಮನೆಂಟ್ ಮಾರ್ಕರ್‌ನಿಂದ ಒಂದು ಸಣ್ಣ ಗೆರೆ ಎಳೆದಿಡಿ. ಗೆರೆ ಮುರಿದು ಕಂಡರೆ ಅಂಟು ಬಿಟ್ಟಿದೆ. ಆಡಿ ಬಂದ ದಿನವೇ ಚೀಲವನ್ನು ಮನೆಯೊಳಗೆ ತನ್ನಿ.

ನನ್ನ ಹಳೆ ಕ್ಲಬ್ ಕಡಿದು ಮಗಳಿಗೆ ಕೊಡ್ಬಹುದೇನ್ರಿ?

ಬೇಡ. ಮೂರು ಇಂಚು ಕಡಿದರೆ ಸ್ವಿಂಗ್‌ವೇಟ್ ಸುಮಾರು 18 ಅಂಕ ಇಳಿದು ತಲೆ ಇದೆಯೆಂದೇ ಮಗುವಿಗೆ ತಿಳಿಯುವುದಿಲ್ಲ. ಶಾಫ್ಟ್ ಮಾತ್ರ ಕಂಬಿಯಂತೆ ಗಟ್ಟಿ, ಒಟ್ಟು ತೂಕ ಆ ಮಣಿಕಟ್ಟಿಗೆ ಭಾರ. ಮಕ್ಕಳ ಅಳತೆಯ 7 ಐರನ್ ಒಂದು, ಪಟರ್ (ಚೆಂಡನ್ನು ಹೋಲ್‌ಗೆ ಉರುಳಿಸುವ ಕ್ಲಬ್) ಒಂದು ಕೊಡಿಸಿದರೆ ಮೊದಲ ವರ್ಷಕ್ಕೆ ಸಾಕು.

ಇಡೀ ಸೆಟ್ ಒಮ್ಮೆಲೇ ಬದಲಿಸ್ಬೇಕಾ?

7 ಐರನ್ ಒಂದಕ್ಕೆ ಹಾಕಿಸಿ, ನಾಲ್ಕೈದು ಸುತ್ತು ಆಡಿ. ಹಿಡಿಸಿದರೆ ಉಳಿದವು. ಲೆಕ್ಕ ಹಾಕುವಾಗ ಶಾಫ್ಟ್‌ನ ಬೆಲೆಯನ್ನಷ್ಟೇ ಏಳರಿಂದ ಗುಣಿಸಬೇಡಿ. ಪ್ರತಿಯೊಂದಕ್ಕೂ ಗ್ರಿಪ್, ಫೆರುಲ್, ಕೂಲಿ, ಹೋಗಿಬರುವ ಖರ್ಚು ಸೇರಿಸಿ. ಆ ಮೊತ್ತ ಒಳ್ಳೆಯ ಹಳೆಯ ಸೆಟ್ಟಿನ ಬೆಲೆ ದಾಟಿದರೆ ಸೆಟ್ಟನ್ನೇ ನೋಡುವುದು ಲೇಸು.

ಟೂರ್ನಮೆಂಟ್‌ಗೆ ನಿಯಮದ ತೊಡಕು ಏನಾದ್ರೂ ಅದ?

ಪಟರ್ ಬಿಟ್ಟು ಯಾವ ಕ್ಲಬ್ಬೂ 48 ಇಂಚು ಮೀರಬಾರದು. ವೃತ್ತಿಪರ ಸ್ಪರ್ಧೆಗಳಲ್ಲಿ 46 ಇಂಚಿನ ಮಿತಿ ಹೇರಲು 2022ರಿಂದ ಅವಕಾಶವಿದೆ. ಸ್ಲೀವ್ ತಿರುಗಿಸಿ ಲಾಫ್ಟ್ ಬದಲಿಸುವುದು, ಲೆಡ್ ಟೇಪ್ ಅಂಟಿಸುವುದು ಎಲ್ಲ ಸುತ್ತು ಶುರುವಾಗುವ ಮೊದಲೇ ಮುಗಿಯಬೇಕು. ಸುತ್ತಿನ ನಡುವೆ ಬದಲಿಸಿ ಆ ಕ್ಲಬ್ಬಿನಿಂದ ಹೊಡೆದರೆ ಅನರ್ಹತೆ.

ತೆಗೆದ ಹಳೆ ಶಾಫ್ಟ್ ಇಟ್ಕೊಂಡು ಏನ್ ಮಾಡ್ಲಿ?

ಬಿಸಾಡಬೇಡಿ. ಉದ್ದ, ತುದಿ ಎಷ್ಟು ಕಡಿದಿದೆ, ಸ್ಲೀವ್ ಯಾವುದು, ಯಾವ ತಲೆಯಲ್ಲಿತ್ತು ಎಂದು ಚೀಟಿ ಬರೆದು ಸುತ್ತಿಡಿ. ಮೂರು ತಿಂಗಳಾದ ಮೇಲೆ ಅದೇ ತಲೆಗೆ ಹಾಕಿ, ಅದೇ ಚೆಂಡಿನಿಂದ, ಬೆಳಗಿನ ಅದೇ ಹೊತ್ತಿನಲ್ಲಿ ಹೊಸದರ ಜೊತೆ ಹತ್ತು ಹತ್ತು ಹೊಡೆತ ಹೋಲಿಸಿ. ಹಳೆಯದೇ ನೆಟ್ಟಗೆ ಹೋದರೆ ಹೊಸದನ್ನು ಮಾರಿಬಿಡಿ. ಸ್ಲೀವ್ ಸಮೇತ ಇರುವ, ತುದಿ ಕಡಿಯದ ಡ್ರೈವರ್ ಶಾಫ್ಟ್‌ಗೆ ಕೊಳ್ಳುವವರು ಸಿಗುತ್ತಾರೆ.